ಹಳೇ ಫೋರ್ ಬೈ ಫೋರ್: ಎಬಿಎಸ್ ದೀಪ ಬರುತ್ತೆ, ನಿಲ್ಲಿಸುವಾಗ ಪೆಡಲ್ ಕುಟ್ಟುತ್ತೆ

ಕಬ್ಬುಗಾಡಿ_ಪಾಂಡವಪುರ

ಎಲ್ಲರಿಗೂ ನಮಸ್ಕಾರ. ನಮ್ಮದು 2010ರ ಡೀಸೆಲ್ ಫೋರ್ ಬೈ ಫೋರ್. ಮುಂದೆ ಡಿಸ್ಕ್, ಹಿಂದೆ ಡ್ರಮ್, ನಾಲ್ಕೂ ಚಕ್ರಕ್ಕೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವುದು). ಗದ್ದೆಗೂ ಇದೇ ಗಾಡಿ, ಮೈಸೂರಿಗೂ ಇದೇ. ಈ ಮಳೆಗಾಲದಲ್ಲಿ ನಾಲೆ ಏರಿ ಮೇಲೆ ಓಡಾಡಿ ಓಡಾಡಿ ಗಾಡಿ ಅಡಿಯೆಲ್ಲ ಕೆಸರು. ಆಮೇಲಿಂದ ಕಾಟ ಶುರು.

ಕೀ ಆನ್ ಮಾಡಿದರೆ ಎಬಿಎಸ್ ದೀಪ ಬಂದು ಎರಡು ಮೂರು ಸೆಕೆಂಡಿಗೆ ಹೋಗುತ್ತದೆ. ಒಳ್ಳೆ ರಸ್ತೆಯಲ್ಲಿ ಏನೂ ಇಲ್ಲ. ಹಳ್ಳ ದಿಣ್ಣೆ ಸಿಕ್ಕಿದರೆ ದೀಪ ಹತ್ತಿಕೊಳ್ಳುತ್ತದೆ. ಹತ್ತಿದ ಮೇಲೆ ಗಾಡಿ ಆಫ್ ಮಾಡುವವರೆಗೂ ಆರಲ್ಲ. ಇನ್ನೊಂದು ತೊಂದರೆ ಇದಕ್ಕಿಂತ ಜಾಸ್ತಿ. ನಿಧಾನಕ್ಕೆ ಬಂದು ನಿಲ್ಲಿಸುವಾಗ, ಹತ್ತು ಹದಿನೈದರ ವೇಗದಲ್ಲಿ, ಪೆಡಲ್ ಗರಗರ ಅಂತ ಕಾಲಿಗೆ ಕುಟ್ಟುತ್ತದೆ. ಗಾಡಿ ನಿಲ್ಲಬೇಕಾದ ಜಾಗ ದಾಟಿ ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತದೆ. ಮೊನ್ನೆ ಮುಂದಿದ್ದ ಕಬ್ಬಿನ ಟ್ರೇಲರಿಗೆ ತಗಲುವುದು ಸ್ವಲ್ಪದರಲ್ಲಿ ತಪ್ಪಿತು.

ಒಂದು ಸರ್ವೀಸ್ ಸೆಂಟರಿನಲ್ಲಿ ತೋರಿಸಿದೆ. ಚಕ್ರ ಕೂಡ ಬಿಚ್ಚದೆ "ಎಬಿಎಸ್ ಯೂನಿಟ್ಟೇ ಹೋಗಿದೆ, ಪೂರ್ತಿ ಬದಲಾಯಿಸಬೇಕು" ಅಂದರು. ಅವರು ಹೇಳಿದ ದುಡ್ಡಿಗೆ ಒಂದು ಹಾಲು ಕರೆಯುವ ಹಸು ಬರುತ್ತದೆ. ಫೋನಿಗೆ ಹಾಕುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ತಂದು ನಾನೇ ನೋಡಿದೆ. ಒಂದೂ ಕೋಡ್ (ಗಾಡಿಯ ಕಂಪ್ಯೂಟರ್ ಬರೆದಿಡುವ ದೋಷದ ಗುರುತು) ಇಲ್ಲ ಅನ್ನುತ್ತದೆ. ಏನು ಮಾಡಲಿ? ಯೂನಿಟ್ ಹಾಕಿಸಿಬಿಡಲಾ?

ಕೆಸರುಪ್ರೇಮಿ_09

ಗುರು, ತಲೆ ಕೆಡಿಸಿಕೊಳ್ಳಬೇಡಿ. ಎಬಿಎಸ್ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಕುಟ್ಟುವುದೂ ಇಲ್ಲ, ಖರ್ಚೂ ಇಲ್ಲ. ಜಲ್ಲಿ, ಮರಳು, ಸಡಿಲ ಮಣ್ಣಿನಲ್ಲಿ ಎಬಿಎಸ್ ಇದ್ದರೆ ಗಾಡಿ ಇನ್ನೂ ದೂರ ಹೋಗಿ ನಿಲ್ಲುತ್ತದೆ. ಚಕ್ರ ಲಾಕ್ ಆದರೆ ಅದರ ಮುಂದೆ ಮಣ್ಣು ಗುಡ್ಡೆಯಾಗುತ್ತದೆ, ಆ ಗುಡ್ಡೆಯೇ ತಡೆಯುತ್ತದೆ. ಕೆಆರ್‌ಎಸ್ ಹಿನ್ನೀರಿನ ಕಡೆ ನಾನು ಫ್ಯೂಸ್ ತೆಗೆದೇ ಇಳಿಯುವುದು.

ಮೇಲುಕೋಟೆ_ತಿರುವು

ಮಣ್ಣಿನ ಮಾತು ನಿಜ, ಒಪ್ಪುತ್ತೇನೆ. ಆದರೆ ಅವರು ಮೈಸೂರಿಗೂ ಅದೇ ಗಾಡಿ ಅಂತ ಬರೆದಿದ್ದಾರಲ್ಲ. ಮಳೆಯಲ್ಲಿ ನಮ್ಮ ಬೆಟ್ಟ ಇಳಿಯುವಾಗ ತಿರುವಿನಲ್ಲಿ ಮುಂದಿನ ಚಕ್ರ ಲಾಕ್ ಆದರೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಎಬಿಎಸ್ ಇರುವುದು ಬೇಗ ನಿಲ್ಲಿಸುವುದಕ್ಕಿಂತ ಹೆಚ್ಚಾಗಿ ಸ್ಟೇರಿಂಗ್ ನಮ್ಮ ಮಾತು ಕೇಳಲಿ ಅಂತ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಎಬಿಎಸ್ ಜೊತೆ ಇಬಿಡಿ ಇರುವ ಗಾಡಿಗಳಲ್ಲಿ ಹಿಂದಿನ ಚಕ್ರಕ್ಕೆ ಎಷ್ಟು ಬ್ರೇಕ್ ಹೋಗಬೇಕು ಅಂತ ನೋಡಿಕೊಳ್ಳುವುದೂ ಅದೇ ಯೂನಿಟ್. ಫ್ಯೂಸ್ ಕಿತ್ತರೆ ಅದೂ ಹೋಗುತ್ತದೆ. ಹಿಂದೆ ಲೋಡ್ ಇಲ್ಲದ ಗಾಡಿಯಲ್ಲಿ ಒದ್ದೆ ರಸ್ತೆಯ ಮೇಲೆ ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿ ಅಡ್ಡ ತಿರುಗುತ್ತದೆ. ಫ್ಯೂಸ್ ತೆಗೆದಾಗ ಕೆಂಪು ಬ್ರೇಕ್ ದೀಪವೂ ಬಂದರೆ ಅದರ ಅರ್ಥ ಇದೇ.

ಕೆಸರುಪ್ರೇಮಿ_09

ಸರಿ ಅಕ್ಕ, ಟಾರ್ ರಸ್ತೆಗೆ ಬಂದ ಮೇಲೆ ವಾಪಸ್ ಹಾಕುತ್ತೇನೆ. ಎಕ್ಸ್‌ಪ್ರೆಸ್‌ವೇಯಲ್ಲಿ ಫ್ಯೂಸ್ ಇಲ್ಲದೆ ಓಡಿಸಿ ಅಂತ ನಾನು ಹೇಳಲಿಲ್ಲ.

ಮದ್ದೂರುವಡೆ

"ಜೇಬಿಗೆ ಹಾಕಿಕೊಳ್ಳಿ" ಅಂದರಲ್ಲ ಸ್ವಾಮಿ, ಮೇಲೆ ಹಾಗೇ ಇದೆ.

ಹಳೇಸ್ಪ್ಯಾನರ್

ಪಾಂಡವಪುರದವರೇ, ಯೂನಿಟ್ ಸುದ್ದಿಗೆ ಈಗಲೇ ಹೋಗಬೇಡಿ. ಒಂದೇ ಒಂದು ಪ್ರಶ್ನೆ. ದೀಪ ಹತ್ತಿದ ಮೇಲೂ ಪೆಡಲ್ ಕುಟ್ಟುತ್ತದಾ, ಇಲ್ಲ ದೀಪ ಹತ್ತುವ ಮೊದಲು ಮಾತ್ರವಾ? ಗಮನ ಇಟ್ಟು ನೋಡಿ ಹೇಳಿ.

ಆ ಬ್ಲೂಟೂತ್ ಸ್ಕ್ಯಾನರ್ ಮಾತು ನಂಬಬೇಡಿ. ಅಗ್ಗದವು ಬಹುಪಾಲು ಎಂಜಿನ್ ಕೋಡ್ ಮಾತ್ರ ಓದುತ್ತವೆ. ಎಬಿಎಸ್ ಕಂಪ್ಯೂಟರ್ ಜೊತೆ ಮಾತೇ ಆಡುವುದಿಲ್ಲ. "ಕೋಡ್ ಇಲ್ಲ" ಅಂದರೆ ಅದು ಎಬಿಎಸ್ ಕಡೆ ಹೋಗಿ ನೋಡಿಲ್ಲ ಅಂತ ಅಷ್ಟೇ.

ಕಬ್ಬುಗಾಡಿ_ಪಾಂಡವಪುರ

ಯಜಮಾನ್ರೇ, ನೀವು ಕೇಳಿದ ಮೇಲೆ ನೋಡಿದೆ. ದೀಪ ಹತ್ತಿದ ಮೇಲೆ ಕುಟ್ಟುವುದಿಲ್ಲ! ಮಾಮೂಲಿ ಬ್ರೇಕ್ ತರಹ ಸಲೀಸಾಗಿ ನಿಲ್ಲುತ್ತದೆ. ಗಾಡಿ ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ದೀಪ ಇಲ್ಲ, ಕುಟ್ಟುವುದು ವಾಪಸ್.

ಹಳೇಸ್ಪ್ಯಾನರ್

ಅಂದುಕೊಂಡಿದ್ದೆ. ನಿಮ್ಮ ಗಾಡಿಗೆ ಒಂದಲ್ಲ, ಎರಡು ಕಾಯಿಲೆ. ಒಂದು ಇನ್ನೊಂದನ್ನು ಮುಚ್ಚಿಡುತ್ತಿದೆ.

ಎಬಿಎಸ್ ದೀಪ ಹತ್ತಿತು ಅಂದರೆ ಕಂಪ್ಯೂಟರ್ ಎಬಿಎಸ್ ಕೆಲಸ ನಿಲ್ಲಿಸಿ ಪಕ್ಕಕ್ಕೆ ಸರಿದಿದೆ ಅಂತ. ಆಗ ಪಂಪ್ ಓಡುವುದಿಲ್ಲ, ವಾಲ್ವ್ ಆಡುವುದಿಲ್ಲ. ಅದಕ್ಕೇ ಕುಟ್ಟುವುದು ನಿಲ್ಲುತ್ತದೆ. ದೀಪ ಇಲ್ಲದಾಗ ಎಬಿಎಸ್ ಜೀವಂತ. ನಿಧಾನಕ್ಕೆ ನಿಲ್ಲಿಸುವಾಗ ಯಾವುದೋ ಒಂದು ಚಕ್ರ ಲಾಕ್ ಆಗುತ್ತಿದೆ ಅಂತ ಅದಕ್ಕೆ ಸುಳ್ಳು ಸುದ್ದಿ ಹೋಗುತ್ತಿದೆ. ಪಾಪ, ಅದು ಬ್ರೇಕ್ ಬಿಟ್ಟು ಬಿಟ್ಟು ಹಿಡಿಯುತ್ತದೆ. ಯೂನಿಟ್ ಕೆಟ್ಟಿದ್ದರೆ ಇಷ್ಟು ಅಚ್ಚುಕಟ್ಟಾಗಿ ಕುಟ್ಟುತ್ತಿತ್ತಾ?

ಮೊದಲನೇ ಕಾಯಿಲೆ: ಕೀ ಆನ್ ಮಾಡಿದಾಗ ಸರಿ, ಹಳ್ಳಕ್ಕೆ ಬಿದ್ದಾಗ ದೀಪ. ಚಕ್ರದ ವೇಗ ಅಳೆಯುವ ಸೆನ್ಸರಿನ ವೈರ್ ಒಳಗೆ ತುಂಡಾಗಿ ಆಗಾಗ ಕೂಡಿಕೊಳ್ಳುತ್ತಿದೆ, ಇಲ್ಲವೇ ವೈರ್ ಕೂಡಿಸುವ ಕಪ್ಲರ್ ಸಡಿಲ. ಸಸ್ಪೆನ್ಷನ್ ಮೇಲೆ ಕೆಳಗೆ ಆಡಿದಾಗ ಬಿಟ್ಟುಕೊಳ್ಳುತ್ತದೆ. ಪೂರ್ತಿ ತುಂಡಾಗಿದ್ದರೆ ಕೀ ಆನ್ ಮಾಡಿದಾಗ ಬಂದ ದೀಪ ಆರುತ್ತಲೇ ಇರಲಿಲ್ಲ.

ಎರಡನೇ ಕಾಯಿಲೆ: ಕಡಿಮೆ ವೇಗದಲ್ಲಿ ಸುಳ್ಳು ಸುದ್ದಿ. ಚಕ್ರದ ಜೊತೆ ತಿರುಗುವ, ಸೆನ್ಸರ್ ಓದುವ ಹಲ್ಲಿನ ರಿಂಗ್ ಬಿರುಕು ಬಿಟ್ಟಿರಬೇಕು, ಅಥವಾ ತುಕ್ಕಿನಿಂದ ಉಬ್ಬಿರಬೇಕು, ಅಥವಾ ಸೆನ್ಸರ್ ಮೂತಿಗೆ ಕಬ್ಬಿಣದ ಪುಡಿ ಅಂಟಿರಬೇಕು. ಬೇರಿಂಗ್ ಆಟ ಜಾಸ್ತಿಯಾಗಿದ್ದರೂ ಹೀಗೇ ಆಗುತ್ತದೆ.

ಒಂದೊಂದಾಗಿ ಹಿಡಿಯಿರಿ. ಅಲ್ಲಿಯವರೆಗೆ ಮುಂದಿನ ಗಾಡಿಗೂ ನಿಮಗೂ ಡಬಲ್ ಅಂತರ ಇರಲಿ.

ಮಲ್ಟಿಮೀಟರ್_ಮೇಷ್ಟ್ರು

ಯಜಮಾನರು ದಾರಿ ತೋರಿಸಿದ್ದಾರೆ. ವೈರ್ ಹುಡುಕುವ ಕೆಲಸಕ್ಕೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಆದರೆ ಮೊದಲು ಸೆನ್ಸರ್ ಯಾವ ಜಾತಿ ಅಂತ ತಿಳಿದುಕೊಳ್ಳಿ. ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ತಂತಿ ಸುತ್ತಿದ ಎರಡು ವೈರಿನ ಸೆನ್ಸರ್, ಅದರ ಮುಂದೆ ಕಬ್ಬಿಣದ ಹಲ್ಲಿನ ರಿಂಗ್. ಇದನ್ನು ಓಮ್‌ನಲ್ಲಿ ಅಳೆಯಬಹುದು. ಹೊಸ ಜಾತಿಯವು ಕರೆಂಟ್ ಕೊಟ್ಟರೆ ಮಾತ್ರ ಕೆಲಸ ಮಾಡುತ್ತವೆ. ಅವನ್ನು ಓಮ್‌ನಲ್ಲಿ ಅಳೆದರೆ ಏನೂ ತಿಳಿಯುವುದಿಲ್ಲ, ಒಳಗಿನ ಚಿಪ್ ಕೆಡುವ ಅಪಾಯವೂ ಇದೆ.

ನಿಮ್ಮದು ಹಳೇ ಜಾತಿ ಆಗಿದ್ದರೆ ಹೀಗೆ ಮಾಡಿ. ಕೀ ಆಫ್. ಸೆನ್ಸರ್ ಕಪ್ಲರ್ ಬಿಚ್ಚಿ. ಮೀಟರ್ ಕಡ್ಡಿಯನ್ನು ಸೆನ್ಸರ್ ಕಡೆಯ ಪಿನ್ನಿಗೆ ಹಿಡಿಯಿರಿ, ಕಂಪ್ಯೂಟರ್ ಕಡೆಗಲ್ಲ. ಬಹಳಷ್ಟು ಗಾಡಿಗಳಲ್ಲಿ ಸುಮಾರು 800ರಿಂದ 2500 ಓಮ್ ಒಳಗೆ ಬರುತ್ತದೆ. ಸರಿಯಾದ ಅಂಕಿ ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿರುತ್ತದೆ. ಅದು ಸಿಗದಿದ್ದರೂ ಪರವಾಗಿಲ್ಲ. ಎಡ ಬಲ ಹೋಲಿಸಿ ನೋಡಿ. ಮೂರು ಒಂದೇ ತರಹ ಬಂದು ಒಂದು ಬೇರೆ ಬಂದರೆ ಕಳ್ಳ ಅದೇ.

ಓದುವಾಗ ಕೇಬಲ್ಲನ್ನು ಇಂಚು ಇಂಚಾಗಿ ಬಗ್ಗಿಸುತ್ತಾ ಹೋಗಿ. ಅಂಕಿ ಕುಣಿದರೆ ಆ ಜಾಗದಲ್ಲೇ ತುಂಡು.

ಜ್ಯಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ಹೋಗಬೇಡಿ. ಸ್ಟ್ಯಾಂಡ್ ಕೊಡಿ. ಹಿಂದಿನ ಚಕ್ರ ತಿರುಗಿಸಬೇಕಾದರೆ ಹ್ಯಾಂಡ್‌ಬ್ರೇಕ್ ಬಿಟ್ಟಿರುತ್ತೀರಿ, ಅದಕ್ಕೆ ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟಿರಬೇಕು.

ಮದ್ದೂರುವಡೆ

ಬ್ಯಾಟರಿ ವೀಕ್ ಆದರೂ ಎಬಿಎಸ್ ದೀಪ ಬರುತ್ತದೆ ಅಂತ ಕೇಳಿದ್ದೆ. ನಿಜವಾ ಮೇಷ್ಟ್ರೇ?

ಮಲ್ಟಿಮೀಟರ್_ಮೇಷ್ಟ್ರು

ನಿಜ. ವೋಲ್ಟೇಜ್ ಬಿದ್ದರೆ ಕಂಪ್ಯೂಟರ್ ಕೈ ಎತ್ತುತ್ತದೆ. ಅರ್ತಿಂಗ್ ಬೋಲ್ಟಿಗೆ ತುಕ್ಕು ಹಿಡಿದರೂ ಅದೇ ಕಥೆ. ಬ್ರೇಕ್ ಲೈಟ್ ಸ್ವಿಚ್ ಕೆಟ್ಟರೂ ಕೆಲವು ಗಾಡಿಗಳಲ್ಲಿ ದೀಪ ಬರುತ್ತದೆ. ಆದರೆ ಇವರದ್ದು ಹಳ್ಳ ನೋಡಿಕೊಂಡು ಬರುತ್ತಿದೆಯಲ್ಲ, ನನ್ನ ಅನುಮಾನ ಚಕ್ರದ ಕಡೆಗೇ.

ಕಬ್ಬುಗಾಡಿ_ಪಾಂಡವಪುರ

ಮೇಷ್ಟ್ರೇ, ಸಿಕ್ಕಿತು!

ಮೊದಲು ವಾಟರ್ ಸರ್ವೀಸ್ ಮಾಡಿಸಿ ಕೆಸರೆಲ್ಲ ತೆಗೆಸಿದೆ. ಮುಂದಿನ ಎರಡೂ ಮತ್ತು ಹಿಂದಿನ ಎಡ, ಮೂರೂ 1100 ಓಮ್ ಆಸುಪಾಸು. ಹಿಂದಿನ ಬಲಗಡೆ ಒಮ್ಮೆ 1100, ಒಮ್ಮೆ ಓಪನ್, ಅಂದರೆ ಸಂಪರ್ಕವೇ ಇಲ್ಲ. ಕೇಬಲ್ ಚಾಸಿಯಿಂದ ಆಕ್ಸಲ್ಲಿಗೆ ಇಳಿಯುವ ಜಾಗದಲ್ಲಿ ಒಂದು ಕ್ಲಿಪ್ ಇರಬೇಕಿತ್ತು, ಇಲ್ಲ. ಕೇಬಲ್ ಜೋತುಬಿದ್ದು ಲೀಫ್ ಪಟ್ಟಿಯ ಅಂಚಿಗೆ ಉಜ್ಜಿಕೊಂಡಿದೆ. ಮೇಲಿನ ರಬ್ಬರ್ ನೋಡಿದರೆ ಒಂದು ಸಣ್ಣ ಗೀರು, ಅಷ್ಟೇ. ಬೆರಳಲ್ಲಿ ಹಿಡಿದು ಬಗ್ಗಿಸಿದರೆ ಒಳಗೆ ಮೆತ್ತಗೆ, ತಾಮ್ರ ಇಲ್ಲದ ಹಾಗೆ. ಬ್ಲೇಡಿನಲ್ಲಿ ಸೀಳಿ ನೋಡಿದೆ, ಒಂದು ವೈರಿನ ಎಳೆಗಳು ಹಸಿರು ಪುಡಿಯಾಗಿವೆ. ಎರಡೋ ಮೂರೋ ಎಳೆ ಮಾತ್ರ ಹಿಡಿದುಕೊಂಡಿದ್ದವು.

ಮನೆಯವರು ಇಲಿ ಕಡಿದಿದೆ ಅಂತ ಪಂದ್ಯ ಕಟ್ಟಿದ್ದರು. ಕಬ್ಬಿನ ಗದ್ದೆ ಪಕ್ಕದ ಶೆಡ್ ನಮ್ಮದು, ಅವರು ಹೇಳಿದ್ದರಲ್ಲಿ ತಪ್ಪಿಲ್ಲ.

ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಸಾಕಾ?

ಹಳೇಸ್ಪ್ಯಾನರ್

ಟೇಪ್ ಮುಂದಿನ ಕೆಸರಿನವರೆಗೆ ಅಷ್ಟೇ. ಸೆನ್ಸರಿನಿಂದ ಬರುವುದು ತೀರಾ ಸಣ್ಣ ಕರೆಂಟ್. ಜಾಯಿಂಟಿನಲ್ಲಿ ಸ್ವಲ್ಪ ತೇವ, ಸ್ವಲ್ಪ ತುಕ್ಕು ಬಂದರೂ ಕೆಡುತ್ತದೆ. ಸೆನ್ಸರ್ ಕೇಬಲ್ ಸಮೇತ ಹೊಸದು ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ಹಸಿರಾಗಿರುವಷ್ಟೂ ಕತ್ತರಿಸಿ, ತಾಮ್ರ ಹೊಳೆಯುವ ಜಾಗದವರೆಗೆ ಹೋಗಿ. ಬೆಸುಗೆ ಹಾಕಿ, ಒಳಗೆ ಗೋಂದು ಇರುವ ಶ್ರಿಂಕ್ ಟ್ಯೂಬ್ ಹಾಕಿ ಬಿಸಿ ಮಾಡಿ. ಜಾಯಿಂಟ್ ಬಗ್ಗುವ ಜಾಗದಲ್ಲಿ ಬರಬಾರದು. ಬೆಸುಗೆ ಹಾಕಿದ ವೈರ್ ಗಟ್ಟಿ, ಅಲ್ಲಾಡಿದರೆ ಅದರ ಪಕ್ಕದಲ್ಲೇ ಮುರಿಯುತ್ತದೆ. ಎರಡು ವೈರನ್ನೂ ಮೊದಲಿದ್ದ ಹಾಗೇ ಒಂದಕ್ಕೊಂದು ಹುರಿ ಮಾಡಿಡಿ. ಆ ಹುರಿ ಇರುವುದು ಬೇರೆ ವೈರಿನ ಗದ್ದಲ ಸೇರದಿರಲಿ ಅಂತ.

ಆಮೇಲೆ ಆ ಕ್ಲಿಪ್. ಅದನ್ನು ಹಾಕದೆ ಬಿಟ್ಟರೆ ಮತ್ತೆ ಇದೇ ಜಾಗಕ್ಕೆ ಬರುತ್ತೀರಿ. ನಿಮ್ಮ ಗಾಡಿಗೆ ಯಾರೋ ಹಿಂದೆ ಬ್ರೇಕ್ ಕೆಲಸ ಮಾಡಿದವರು ಕ್ಲಿಪ್ ಬಿಚ್ಚಿ ಹಾಗೇ ಹೋಗಿದ್ದಾರೆ. ಇದು ನಾನು ದಿನಾ ನೋಡುವ ವಿಷಯ.

ಕಬ್ಬುಗಾಡಿ_ಪಾಂಡವಪುರ

ಬೆಸುಗೆ, ಟ್ಯೂಬ್, ಕ್ಲಿಪ್ ಎಲ್ಲ ಆಯಿತು. ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಹಳ್ಳದ ರಸ್ತೆಯಲ್ಲೇ ಹೋಗಿ ಬಂದೆ. ದೀಪ ಬರಲಿಲ್ಲ. ಆದರೆ ಯಜಮಾನ್ರು ಹೇಳಿದ ಹಾಗೇ ಆಯಿತು. ದೀಪ ಬರುವುದು ನಿಂತಿತಲ್ಲ, ಈಗ ನಿಲ್ಲಿಸಿದಾಗಲೆಲ್ಲ ಪೆಡಲ್ ಕುಟ್ಟುತ್ತದೆ!

ಮದ್ದೂರುವಡೆ

ರಿಪೇರಿ ಮಾಡಿಸಿದ ಮೇಲೆ ಜಾಸ್ತಿ ಆದ ಕಾಯಿಲೆ ಇದೊಂದೇ ಇರಬೇಕು.

ಮೇಲುಕೋಟೆ_ತಿರುವು

ನಗಬೇಡಿ, ಇದು ಅಪಾಯದ ಹಂತ. ದೀಪವೂ ಇಲ್ಲ, ಕೋಡೂ ಇರುವುದಿಲ್ಲ, ಆದರೆ ಜಂಕ್ಷನ್ನಿನಲ್ಲಿ ನಿಲ್ಲಬೇಕಾದಾಗ ಬ್ರೇಕ್ ಬಿಡುತ್ತದೆ. ಎರಡನೆಯದು ಸಿಗುವವರೆಗೆ ಗಾಡಿ ಊರಾಚೆ ತರಬೇಡಿ. ಇದೊಂದು ಸಂದರ್ಭದಲ್ಲಿ, ಗ್ಯಾರೇಜಿಗೆ ನಿಧಾನಕ್ಕೆ ತರುವಷ್ಟು ದೂರಕ್ಕೆ, ಕೆಸರುಪ್ರೇಮಿಯವರ ಫ್ಯೂಸ್ ಉಪಾಯ ನನಗೂ ಒಪ್ಪಿಗೆ.

ಕೆಸರುಪ್ರೇಮಿ_09

ಇದನ್ನು ಫ್ರೇಮ್ ಹಾಕಿಸುತ್ತೇನೆ ಅಕ್ಕ.

ಹಳೇಸ್ಪ್ಯಾನರ್

ಈಗ ಸರಿಯಾದ ಸ್ಕ್ಯಾನರ್ ಬೇಕು. ಎಬಿಎಸ್ ಒಳಗೆ ಹೋಗಿ ನಾಲ್ಕೂ ಚಕ್ರದ ವೇಗ ಓಡುತ್ತಿರುವಾಗಲೇ ತೋರಿಸುವಂಥದ್ದು. ಒಳ್ಳೆಯ ಗ್ಯಾರೇಜುಗಳಲ್ಲಿ ಇರುತ್ತದೆ. "ಕೋಡ್ ಅಳಿಸಿಕೊಡಿ" ಅನ್ನಬೇಡಿ. "ನಾಲ್ಕು ಚಕ್ರದ ಲೈವ್ ವೇಗ ನೋಡಬೇಕು, ಪಕ್ಕದಲ್ಲಿ ಕೂತು ಬನ್ನಿ" ಅನ್ನಿ. ನೇರ ರಸ್ತೆಯಲ್ಲಿ ಮೂವತ್ತಕ್ಕೆ ಹೋಗಿ, ಆಕ್ಸಿಲೇಟರ್ ಬಿಟ್ಟು ಬ್ರೇಕ್ ಒತ್ತದೆ ಹಾಗೇ ಉರುಳಿಸಿ. ಮೂರು ಚಕ್ರ ಒಟ್ಟಿಗೆ ಇಳಿಯುತ್ತವೆ. ಹತ್ತರ ಆಸುಪಾಸಿನಲ್ಲಿ ಒಂದು ಮಾತ್ರ ಹಠಾತ್ ಸೊನ್ನೆಗೆ ಬಿದ್ದು ಮತ್ತೆ ಎದ್ದರೆ ಅದೇ.

ಕಡಿಮೆ ವೇಗದಲ್ಲೇ ಯಾಕೆ ಅಂತೀರಾ? ಈ ಹಳೇ ಸೆನ್ಸರಿನಲ್ಲಿ ಚಕ್ರ ಎಷ್ಟು ಜೋರಾಗಿ ತಿರುಗುತ್ತದೋ ಅಷ್ಟು ಗಟ್ಟಿ ಸಿಗ್ನಲ್. ನಿಧಾನವಾದರೆ ಅದು ಮೊದಲೇ ಸಣ್ಣದು. ಅದರ ಮೇಲೆ ಮೂತಿಗೂ ಹಲ್ಲಿಗೂ ಅಂತರ ಸ್ವಲ್ಪ ಜಾಸ್ತಿಯಾದರೆ ಕಂಪ್ಯೂಟರಿಗೆ ಕೇಳಿಸುವುದೇ ಇಲ್ಲ. ಚಕ್ರ ನಿಂತುಬಿಟ್ಟಿದೆ ಅಂದುಕೊಳ್ಳುತ್ತದೆ.

ಟೈರ್ ನಾಲ್ಕೂ ಒಂದೇ ಸೈಜಾ? ಸ್ಟೆಪ್ನಿ ಬೇರೆ ಸೈಜಿನದು ಹಾಕಿಕೊಂಡು ಓಡಿಸುವವರು ಬೇಕಾದಷ್ಟು ಜನ.

ಕಬ್ಬುಗಾಡಿ_ಪಾಂಡವಪುರ

ನಾಲ್ಕೂ ಒಂದೇ ಸೈಜ್, ಒಂದೇ ಸಲ ಹಾಕಿಸಿದ್ದು.

ಮೈಸೂರಿನಲ್ಲಿ ಒಂದು ಸಣ್ಣ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ಒಬ್ಬ ಹುಡುಗ ಪಕ್ಕದಲ್ಲಿ ಕೂತ. ನೀವು ಹೇಳಿದ ಹಾಗೇ ಉರುಳಿಸಿದೆವು. 14, 13, 12 ಅಂತ ಮೂರೂ ಇಳಿಯುತ್ತಾ ಬಂದವು. ಮುಂದಿನ ಎಡಗಡೆಯದು 12ರಿಂದ ಸೀದಾ 0, ಮತ್ತೆ 11, ಮತ್ತೆ 0. ಹುಡುಗ "ಸೆನ್ಸರ್ ಹೋಗಿದೆ ಸಾರ್, ಹೊಸದು ಹಾಕೋಣ" ಅಂದ. ನಾನು ಓಮ್ ಸರಿ ಇದೆ ಅಂತ ತಡೆದೆ.

ಅಲ್ಲೇ ಚಕ್ರ ಎತ್ತಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದೆವು. ಹಲ್ಲಿನ ರಿಂಗ್ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್ ಮೇಲೆ ಕೂತಿದೆ. ಚಕ್ರ ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಾ ಹಲ್ಲು ಹಲ್ಲು ನೋಡಿದೆವು. ಒಂದು ಕಡೆ ಎರಡು ಹಲ್ಲಿನ ನಡುವಿನ ಸಂದಿನಲ್ಲಿ ಕೂದಲೆಳೆ ಗೆರೆ. ಉಗುರು ಇಟ್ಟರೆ ಸಿಕ್ಕಿಕೊಳ್ಳುತ್ತದೆ. ಗೆರೆಯ ಅಡಿಯಿಂದ ತುಕ್ಕು ಪದರ ಪದರವಾಗಿ ಎದ್ದು ರಿಂಗನ್ನು ಮೇಲಕ್ಕೆ ದೂಡಿದೆ.

ಹುಡುಗ ಬೆಸುಗೆ ಹಾಕಿ ಬಿಡೋಣ ಅನ್ನುತ್ತಾನೆ. ಹಾಕಿಸಲಾ?

ಹಳೇಸ್ಪ್ಯಾನರ್

ಬೇಡವೇ ಬೇಡ. ರಿಂಗ್ ಸೀಳಿತು ಅಂದರೆ ಸುತ್ತಳತೆ ಸ್ವಲ್ಪ ಹಿಗ್ಗಿದೆ. ಆ ಎರಡು ಹಲ್ಲಿನ ನಡುವೆ ಮಾತ್ರ ಸಂದು ದೊಡ್ಡದು. ಬೆಸುಗೆ ಹಾಕಿದರೆ ಆ ದೊಡ್ಡ ಸಂದನ್ನೇ ಕಾಯಂ ಮಾಡಿದ ಹಾಗೆ. ಗೋಂದು ಹಾಕುವವರೂ ಇದ್ದಾರೆ, ಅದೂ ಅಷ್ಟೇ. ಬೆಸುಗೆಯ ಬಿಸಿಗೆ ಒಳಗಿನ ಗ್ರೀಸೂ ರಬ್ಬರ್ ಬೂಟೂ ಹಾಳು.

ಬಹಳ ಗಾಡಿಗಳಿಗೆ ಈ ರಿಂಗ್ ಬೇರೆಯಾಗಿ ಸಿಗುತ್ತದೆ, ಪೂರ್ತಿ ಶಾಫ್ಟ್ ತಗೊಳ್ಳಿ ಅಂದರೆ ಒಪ್ಪಬೇಡಿ. ಅಂಗಡಿಗೆ ಹೋಗುವ ಮೊದಲು ಹಳೆಯದರ ಹಲ್ಲು ಎಣಿಸಿ. ಒಂದು ಹಲ್ಲು ಹೆಚ್ಚು ಕಡಿಮೆ ಆದರೂ ಆ ಚಕ್ರದ ವೇಗ ಯಾವಾಗಲೂ ತಪ್ಪೇ ತೋರಿಸುತ್ತದೆ. ಒಳ ವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದುಕೊಳ್ಳಿ. ಹಳೇ ರಿಂಗನ್ನು ಕೈಯಲ್ಲೇ ಹಿಡಿದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಕೂರುವ ಜಾಗದ ತುಕ್ಕನ್ನು ವೈರ್ ಬ್ರಷ್, ಎಮರಿ ಪೇಪರಿನಲ್ಲಿ ಲೋಹ ಕಾಣುವವರೆಗೆ ಉಜ್ಜಿ. ತುಕ್ಕು ಬಿಟ್ಟು ಹೊಸ ರಿಂಗ್ ಕೂರಿಸಿದರೆ ಅದೂ ಸೀಳುತ್ತದೆ. ಹೊಸದನ್ನು ಬಿಸಿ ಮಾಡಿ ಹಿಗ್ಗಿಸಿ ಕೂರಿಸಬೇಕು. ಸುತ್ತಿಗೆಯಲ್ಲಿ ಒಂದೇ ಕಡೆ ಹೊಡೆದರೆ ಓರೆಯಾಗಿ ಕೂರುತ್ತದೆ. ಓರೆಯಾದರೆ ಪ್ರತಿ ಸುತ್ತಿಗೂ ಅಂತರ ಏರುತ್ತದೆ ಇಳಿಯುತ್ತದೆ, ಮತ್ತೆ ಕುಟ್ಟುತ್ತದೆ.

ಸೆನ್ಸರ್ ತೆಗೆಯುವಾಗ ಪಕ್ಕಡ್ ಹಾಕಿ ಎಳೆಯಬೇಡಿ. ಇಷ್ಟು ವರ್ಷದ ತುಕ್ಕಿನಲ್ಲಿ ತಲೆ ಕಿತ್ತು ಬಂದು ಮೂತಿ ಒಳಗೇ ಉಳಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿ, ಎಡಕ್ಕೆ ಬಲಕ್ಕೆ ಆಡಿಸಿ ತೆಗೆಯಿರಿ. ಮೂತಿಯಲ್ಲಿ ಕಪ್ಪು ಪುಡಿ ಅಂಟಿರುತ್ತದೆ, ಬಟ್ಟೆಯಲ್ಲಿ ಒರೆಸಿ.

ಮಳವಳ್ಳಿ_ಡೀಸೆಲ್

ನಡುವೆ ಬಂದೆ, ಕ್ಷಮಿಸಿ. ಇವರು ಬ್ರೇಕ್ ಲೈನ್ ಬಿಚ್ಚಿಲ್ಲ ಅಲ್ವಾ? ಬಿಚ್ಚಿದರೆ ಏರ್ ತೆಗೆಸಲು ಎಬಿಎಸ್‌ಗೆ ಬೇರೆ ವಿಧಾನ ಇದೆ ಅನ್ನುತ್ತಾರೆ.

ಹಳೇಸ್ಪ್ಯಾನರ್

ಈ ಕೆಲಸಕ್ಕೆ ಲೈನ್ ಬಿಚ್ಚಬೇಕಿಲ್ಲ. ಕ್ಯಾಲಿಪರ್ ಬಿಚ್ಚಿದರೆ ತಂತಿಯಲ್ಲಿ ಮೇಲಕ್ಕೆ ಕಟ್ಟಿ, ಹೋಸ್ ಮೇಲೆ ತೂಗಬಾರದು. ಯೂನಿಟ್ ಒಳಗೆ ಗಾಳಿ ಹೋದರೆ ಮಾತ್ರ ಸ್ಕ್ಯಾನರಿನಿಂದ ಪಂಪ್ ಓಡಿಸಿ ತೆಗೆಯಬೇಕಾಗುತ್ತದೆ. ಮಾಮೂಲಿಯಾಗಿ ಬ್ರೇಕ್ ಆಯಿಲ್ ಬದಲಾಯಿಸಲು ಪೆಡಲ್ ಒತ್ತಿ ಒತ್ತಿ ತೆಗೆಯುವ ಹಳೇ ವಿಧಾನವೇ ಸಾಕು, ಆಯಿಲ್ ಡಬ್ಬಿ ಖಾಲಿಯಾಗಲು ಬಿಡಬಾರದು ಅಷ್ಟೇ. ಬ್ರೇಕ್ ಆಯಿಲ್ ನೀರು ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 155. ಚಾಮುಂಡಿ ಬೆಟ್ಟವನ್ನು ಬ್ರೇಕ್ ಮೇಲೇ ಕಾಲಿಟ್ಟು ಇಳಿಯುವವರು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಆ ನೀರೇ ಯೂನಿಟ್ ಒಳಗಿನ ವಾಲ್ವಿಗೂ ತುಕ್ಕು ತರುವುದು.

ಕಬ್ಬುಗಾಡಿ_ಪಾಂಡವಪುರ

ರಿಂಗ್ ಸಿಕ್ಕಿತು. ಹಲ್ಲು ಎಣಿಸಿಕೊಂಡು ಹೋಗಿದ್ದಕ್ಕೆ ಬಚಾವ್. ಅಂಗಡಿಯವರು ಮೊದಲು ಕೊಟ್ಟದ್ದು ಕಣ್ಣಿಗೆ ಥೇಟ್ ಅದೇ, ಎಣಿಸಿದರೆ ಹಲ್ಲು ಜಾಸ್ತಿ. ಎರಡನೆಯದು ಸರಿಹೋಯಿತು. ಅದರ ಬೆಲೆ ಆ ಸರ್ವೀಸ್ ಸೆಂಟರಿಗೆ ಹೋಗಿ ಬರುವ ಡೀಸೆಲ್ಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಕೂರಿಸಿದ ಮೇಲೆ ಮತ್ತೆ ಸ್ಕ್ಯಾನರ್ ಹಾಕಿ ನೋಡಿದೆವು. ನಾಲ್ಕೂ ಒಟ್ಟಿಗೆ ಇಳಿದವು, ಎಲ್ಲೂ ಹಾರಲಿಲ್ಲ. ಪೆಡಲ್ ಕುಟ್ಟುವುದಿಲ್ಲ. ಆಮೇಲೆ ಯಾರೂ ಇಲ್ಲದ ಜಲ್ಲಿ ರಸ್ತೆಯಲ್ಲಿ ಮೂವತ್ತರಿಂದ ಬೇಕೆಂದೇ ಜೋರಾಗಿ ಒತ್ತಿದೆ. ಆಗ ಕುಟ್ಟಿತು, ಕುಟ್ಟಬೇಕಾದ ಹಾಗೆ. ಸ್ಟೇರಿಂಗ್ ತಿರುಗಿಸಿದ ಕಡೆ ಗಾಡಿ ಬಂತು. ಕೆಸರುಪ್ರೇಮಿಯವರು ಹೇಳಿದ್ದೂ ನಿಜ, ಜಲ್ಲಿಯಲ್ಲಿ ನಿಲ್ಲುವುದು ಸ್ವಲ್ಪ ದೂರವೇ.

ಕೆಸರುಪ್ರೇಮಿ_09

ಇಳಿಜಾರಿನಲ್ಲಿ ಫೋರ್ ಬೈ ಫೋರ್‌ನ ಲೋ ರೇಂಜ್ (ತೀರಾ ನಿಧಾನಕ್ಕೆ ಹೋಗುವ ಗೇರ್) ಹಾಕಿ ಮೊದಲನೇ ಗೇರಿನಲ್ಲಿ ಇಳಿಯಿರಿ ಗುರು. ಬ್ರೇಕ್ ಮುಟ್ಟುವ ಕೆಲಸವೇ ಕಡಿಮೆ, ಎಬಿಎಸ್ ಇದ್ದರೇನು ಬಿಟ್ಟರೇನು. ಟಾರ್ ರಸ್ತೆಗೆ ಬಂದ ಕೂಡಲೇ ಟೂ ವೀಲ್‌ಗೆ ಹಾಕಿ.

ಮಳವಳ್ಳಿ_ಡೀಸೆಲ್

ನನ್ನದೂ ಒಂದು ಕೇಳಿಬಿಡುತ್ತೇನೆ. ಮುಂದಿನ ಬೇರಿಂಗ್ ಹೊಸದು ಹಾಕಿಸಿದ ದಿನದಿಂದ ಎಬಿಎಸ್ ದೀಪ. ಇಪ್ಪತ್ತು ದಾಟಿದರೆ ಬರುತ್ತದೆ. ಗಾಡಿ 2014ರದ್ದು. ಹಲ್ಲಿನ ರಿಂಗ್ ಹುಡುಕಿದೆ, ಎಲ್ಲೂ ಕಾಣುವುದಿಲ್ಲ.

ಮಲ್ಟಿಮೀಟರ್_ಮೇಷ್ಟ್ರು

ನಿಮ್ಮದರಲ್ಲಿ ಹಲ್ಲಿನ ರಿಂಗ್ ಇಲ್ಲದಿರಬಹುದು. ಬೇರಿಂಗಿನ ಒಂದು ಪಕ್ಕದ ಸೀಲ್‌ನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ, ನೋಡಲು ಮಾಮೂಲಿ ರಬ್ಬರ್ ಸೀಲ್. ಆ ಪಕ್ಕ ಸೆನ್ಸರ್ ಕಡೆಗೆ ಬರಬೇಕು. ಉಲ್ಟಾ ಹಾಕಿದರೆ ಬೇರಿಂಗ್ ಚೆನ್ನಾಗೇ ತಿರುಗುತ್ತದೆ, ಸೆನ್ಸರಿಗೆ ಮಾತ್ರ ಏನೂ ಕಾಣುವುದಿಲ್ಲ. ಪಟ್ಟಿ ಇಲ್ಲದ ಅಗ್ಗದ ಬೇರಿಂಗ್ ಹಾಕಿದ್ದರೂ ಅದೇ. ಹಳೇ ಬೇರಿಂಗ್ ಇನ್ನೂ ಇದೆಯಾ? ಅದರ ಎರಡೂ ಪಕ್ಕಕ್ಕೆ ಸ್ವಲ್ಪ ಕಬ್ಬಿಣದ ಪುಡಿ ಉದುರಿಸಿ. ಪಟ್ಟಿ ಇರುವ ಪಕ್ಕದಲ್ಲಿ ಪುಡಿ ಸಣ್ಣ ಸಣ್ಣ ಗೆರೆಯಾಗಿ ನಿಲ್ಲುತ್ತದೆ. ಒಮ್ಮೆ ಒತ್ತಿ ತೆಗೆದ ಬೇರಿಂಗನ್ನು ಮತ್ತೆ ಹಾಕಬಾರದು, ಅದನ್ನು ಗ್ಯಾರೇಜಿನವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಮಳವಳ್ಳಿ_ಡೀಸೆಲ್

ಹಳೆಯದು ಡಿಕ್ಕಿಯಲ್ಲೇ ಇದೆ ಮೇಷ್ಟ್ರೇ. ಪುಡಿ ಹಾಕಿ ನೋಡಿ ಹೇಳುತ್ತೇನೆ.